45 ನಿಮಿಷದ ಪದ್ಯ ವಿಶ್ಲೇಷಣೆ: ಗುಂಪಿನ ಗಮನಕ್ಕೆ

ಸ್ನೇಹಿತರೇ, ಶಿವಮೊಗ್ಗ, ಸಾಗರ, ತೀರ್ಥಹಳ್ಳಿಯಿಂದ ನೀವು ಪದ್ಯ ವಿಶ್ಲೇಷಣೆಯ ಪರೀಕ್ಷೆ ಮುಗಿಸಿ ಕಳಿಸಿದ ಅನಿಸಿಕೆಗಳನ್ನು ಓದಿದೆವು. ಹೆಚ್ಚಿನವರದು ಒಂದೇ ಮಾತು: ಸಮಯ ಸಾಲಲಿಲ್ಲ. ಸಮಯ ತಿಂದಿರುವುದು ಸಾರಾಂಶ. ಕವಿತೆ ಏನು ಹೇಳುತ್ತದೆ ಎಂಬುದಕ್ಕೆ ಎರಡು ವಾಕ್ಯ ಸಾಕು. ಹೇಗೆ ಹೇಳುತ್ತದೆ ಎಂಬುದೇ ಉತ್ತರ.

ಮೊದಲ 10 ನಿಮಿಷ ಉತ್ತರಪತ್ರಿಕೆ ಮುಟ್ಟಬೇಡಿ. ಎರಡು ಸಲ ಓದಿ, ಎರಡನೆಯ ಸಲ ತುಟಿಯಾಡಿಸುತ್ತ. ‘ಆದರೆ’, ‘ಆದರೂ’ ಬಂದಲ್ಲಿ, ಭೂತಕಾಲ ವರ್ತಮಾನಕ್ಕೆ ಹೊರಳಿದಲ್ಲಿ, ‘ನಾನು’ ಹೋಗಿ ‘ನಾವು’ ಆದಲ್ಲಿ ಗೆರೆ ಎಳೆಯಿರಿ. ಕವಿತೆಯ ತಿರುವು ಬಹುಪಾಲು ಅಲ್ಲೇ ಸಿಗುತ್ತದೆ. ಆಮೇಲೆ 30 ನಿಮಿಷ ಬರೆಯಿರಿ, ಉಳಿದ 5 ತಿದ್ದುವುದಕ್ಕೆ.

ಉಪಮೆ, ರೂಪಕ ಎಂದು ಹೆಸರು ಹೇಳಿ ನಿಲ್ಲಿಸಿದವರು ಬಹಳ ಮಂದಿ. ಅದನ್ನು ತೆಗೆದರೆ ಆ ಸಾಲು ಏನು ಕಳೆದುಕೊಳ್ಳುತ್ತದೆ? ಅದನ್ನು ಬರೆಯಿರಿ.

ನಮ್ಮ ಮಲೆನಾಡಿನವರಿಗೇ ಹೇಳಬೇಕಾದದ್ದು ಇನ್ನೊಂದಿದೆ. ಪದ್ಯದಲ್ಲಿ ಮಳೆ ಬಂದ ಕೂಡಲೇ ಆಗುಂಬೆಯ ಜಡಿಮಳೆ ಎಂದುಕೊಳ್ಳಬೇಡಿ. ಬಯಲುಸೀಮೆಯ ಕವಿತೆಯಲ್ಲಿ ಅದು ಕಾದು ಕಾದು ಬಂದ ಮಳೆಯಿರಬಹುದು. ಅಕ್ಕಪಕ್ಕದ ಪದಗಳನ್ನು ಕೇಳಿ, ನಿಮ್ಮ ಊರನ್ನಲ್ಲ.

ಆರು ಸಾಲಿನ ಷಟ್ಪದಿ ಬಂದರೆ ಆರೂ ಸಾಲಿಗೆ ಪ್ರಸ್ತಾರ ಹಾಕುತ್ತ, ಅಂದರೆ ಲಘು (ಒಂದು ಮಾತ್ರೆಯ ಅಕ್ಷರ), ಗುರು (ಎರಡು ಮಾತ್ರೆಯದು) ಗುರುತಿಸುತ್ತ ಕೂರಬೇಡಿ. ಮೊದಲ ಸಾಲು 3+4+3+4 ಎಂದು 14 ಮಾತ್ರೆಗೆ ಒಡೆದು, ಮೂರನೆಯ ಸಾಲು 23 ಆದರೆ ಅದು ಭಾಮಿನಿ ಷಟ್ಪದಿ. ಮೊದಲ ಸಾಲಿನಲ್ಲಿ ಐದು ಮಾತ್ರೆಯ ನಾಲ್ಕು ಗಣ (ಗುಂಪು) ಇದ್ದರೆ ವಾರ್ಧಕ ಷಟ್ಪದಿ. ಲಯ ಎಲ್ಲಿ ಭಾವಕ್ಕೆ ಒದಗಿದೆ ಎಂಬುದು ಅದಕ್ಕಿಂತ ಮುಖ್ಯ.

ಮಳೆಗಾಲದಲ್ಲಿ ಕಾಗದ ತೇವವಾಗಿ ಇಂಕು ಹರಡುತ್ತದೆ, ಬಾಲ್‌ಪೆನ್ನೇ ತನ್ನಿ. ಪ್ರಶ್ನೆಗಳಿದ್ದರೆ ಭಾನುವಾರದೊಳಗೆ ಇಲ್ಲೇ ಹಾಕಿ.