ಟ್ಯಾಂಬೊರಿನ್ ಕೇಳಿಸುತ್ತಿದೆಯೇನೋ?

ಪ್ರೀತಿಯ ಗೆಳೆಯಾ,

ಫೋಟೋ ಸಿಕ್ಕಿತು. ಡೆಟ್ರಾಯ್ಟ್‌ನ ವೆಸ್ಟ್ ಗ್ರ್ಯಾಂಡ್ ಬುಲೆವಾರ್ಡ್‌ನಲ್ಲಿ ಮೋಟೌನ್ ಕಂಪನಿಯ ಹಾಡುಗಳು ರೆಕಾರ್ಡ್ ಆದ ಆ ಬಿಳಿ ಮನೆ, ಮೇಲೆ ನೀಲಿ ಅಕ್ಷರದ 'ಹಿಟ್ಸ್‌ವಿಲ್' ಬೋರ್ಡು, ಕೆಳಗೆ ಟೊಪ್ಪಿ ಹಾಕಿಕೊಂಡು ನೀನು. ಮಿಶಿಗನ್‌ನಲ್ಲಿ ಇಷ್ಟು ವರ್ಷ ಇದ್ದು, ಪಂಪ ಕನ್ನಡ ಕೂಟದ ಯುಗಾದಿಗೂ ರಾಜ್ಯೋತ್ಸವಕ್ಕೂ ತಪ್ಪದೆ ಹೋಗಿ, ಈ ಮನೆಗೆ ಮಾತ್ರ ಈಗ ಹೋಗಿದ್ದೀಯ. ಇರಲಿ, ಹೋದೆಯಲ್ಲ. ಅವತ್ತು ರಾತ್ರಿಯೇ ಹಳೆಯ ಹಾಡುಗಳನ್ನೆಲ್ಲ ಮತ್ತೆ ಹಾಕಿಕೊಂಡು ಕೂತೆ. ಆಮೇಲೆ ಅವು ನನ್ನನ್ನು ಬಿಡಲೇ ಇಲ್ಲ.

ಈ ಪತ್ರವನ್ನು ನಾಲ್ಕು ಜನ ಓದುವ ಕಡೆ ಹಾಕುತ್ತಿದ್ದೇನೆ. ಹಾಗಾಗಿ ಮಂಡ್ಯದ ಬಸ್ಸಿನ ವಿಷಯ ಎತ್ತುವುದಿಲ್ಲ, ಹೆದರಬೇಡ. ವಾರ್ಡನ್ನರ ಛತ್ರಿಯ ವಿಷಯವೂ ಇಲ್ಲ.

ಹಾಸ್ಟೆಲಿನ ಆ ಟೂ ಇನ್ ಒನ್ ನೆನಪಿದೆ ತಾನೆ? ಪಟ್ಟಿ ಬರೆದುಕೊಟ್ಟರೆ ಅಂಗಡಿಯವನು ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ಹಾಡು ತುಂಬಿಸಿಕೊಡುತ್ತಿದ್ದ. ಎ ಸೈಡ್ ನನ್ನದು, ಎಲ್ಲ ಮೋಟೌನ್‌ನವರು: ಸುಪ್ರೀಮ್ಸ್, ಟೆಂಪ್ಟೇಷನ್ಸ್, ಫೋರ್ ಟಾಪ್ಸ್, ಮಾರ್ವಿನ್ ಗೇ. ಬಿ ಸೈಡ್ ನಿನ್ನದು: ಮೆಂಫಿಸ್‌ನಲ್ಲಿ ರೆಕಾರ್ಡ್ ಮಾಡುತ್ತಿದ್ದ ಓಟಿಸ್ ರೆಡಿಂಗ್, ಮತ್ತೆ ಓಟಿಸ್ ರೆಡಿಂಗ್. ಅಂಗೈ ಅಗಲದ ಸ್ಪೀಕರಿನಿಂದ ಬರುತ್ತಿದ್ದದ್ದು ಹಾಡುವವರ ದನಿ, ಚಪ್ಪಾಳೆ, ಮತ್ತೆ ಎಲ್ಲದರ ಮೇಲೆ ಝಲ್ ಝಲ್ ಅನ್ನುವ ಟ್ಯಾಂಬೊರಿನ್, ಅದೇ ಸುತ್ತ ಪುಟ್ಟ ತಾಳಗಳಿರುವ ಕೈವಾದ್ಯ. ಕೆಳಗಿನ ಸ್ವರ ಒಂದೂ ಆ ಡಬ್ಬಿಯಿಂದ ಸರಿಯಾಗಿ ಹೊರಗೆ ಬರುತ್ತಿರಲಿಲ್ಲ. ಆದರೂ ನಮಗೆ ಏನೂ ಕಡಿಮೆ ಅನ್ನಿಸಲಿಲ್ಲ, ಅಲ್ವಾ?

ಅದಕ್ಕೆ ಕಾರಣ ಇದೆ. ಆ ಹಾಡುಗಳನ್ನು ಮಾಡಿದ್ದೇ ಚಿಕ್ಕ ಸ್ಪೀಕರಿಗೆ. ಬೆರ್ರಿ ಗಾರ್ಡಿ 1959ರಲ್ಲಿ ಮನೆಯವರು ಕೂಡಿಟ್ಟ ಹಣದಿಂದ 800 ಡಾಲರ್ ಸಾಲ ತೆಗೆದುಕೊಂಡು ಮೋಟೌನ್ ಕಂಪನಿ ಶುರು ಮಾಡಿದ. ಅದಕ್ಕೆ ಮುಂಚೆ ನಿಮ್ಮೂರಿನ ಕಾರ್ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದವನು. ಕಾರು ಒಂದೊಂದೇ ಹಂತ ದಾಟಿ ತಯಾರಾಗುವುದನ್ನು ಅಲ್ಲಿ ನೋಡಿದ್ದ. ಹಾಡನ್ನೂ ಹಾಗೇ ಮಾಡಿಸಿದ. ಬರೆಯುವವರು ಬೇರೆ, ನುಡಿಸುವವರು ಬೇರೆ, ಹಾಡುವವರು ಬೇರೆ. ಕೊನೆಗೆ ಎಲ್ಲರೂ ಕೂತು ಇದು ಓಡುತ್ತದಾ ಇಲ್ಲವಾ ಅಂತ ಮತ ಹಾಕುತ್ತಿದ್ದರು. ಹದಿಹರೆಯದವರು ಹಾಡು ಕೇಳುವುದು ಕಾರಿನ ರೇಡಿಯೋದಲ್ಲಿ ಅಂತ ಗೊತ್ತಿದ್ದರಿಂದ ಸ್ಟುಡಿಯೋದಲ್ಲೇ ಅಂಥ ಪುಟ್ಟ ಸ್ಪೀಕರ್ ಇಟ್ಟುಕೊಂಡು ಪರೀಕ್ಷೆ ಮಾಡುತ್ತಿದ್ದರು. ಹೀಗಾಗಿ ಮೈಸೂರಿನ ಹಾಸ್ಟೆಲ್ ರೂಮಿಗೂ ಆ ಹಾಡು ಗಟ್ಟಿಯಾಗಿಯೇ ತಲುಪಿತು. ಟ್ಯಾಂಬೊರಿನ್ ಅಷ್ಟು ಎದ್ದು ಕೇಳುವುದೂ ಈ ಲೆಕ್ಕದಿಂದಲೇ. ಬಹಳಷ್ಟು ಹಾಡುಗಳಲ್ಲಿ ಅದನ್ನು ನುಡಿಸಿದ್ದು ಜ್ಯಾಕ್ ಆಶ್‌ಫೋರ್ಡ್.

ಈಗ ಮಗಳು ಒಂದು ಒಳ್ಳೆ ಹೆಡ್‌ಫೋನ್ ಕೊಡಿಸಿದ್ದಾಳೆ. ಅದರಲ್ಲಿ 'ಬರ್ನಡೆಟ್' ಹಾಕಿದೆ. 1967ರದ್ದು, ಫೋರ್ ಟಾಪ್ಸ್. ಕೊನೆಯ ಹತ್ತಿರ ಹಾಡು ನಿಂತೇ ಹೋಗಿ, ಲೀವೈ ಸ್ಟಬ್ಸ್ ಒಮ್ಮೆಲೇ ಅವಳ ಹೆಸರು ಕೂಗುವ ಜಾಗ ನಿನಗೆ ಗೊತ್ತು. ಪ್ರತಿ ಸಲ ನೀನೂ ಕೂಗಿ ಪಕ್ಕದ ರೂಮಿನವರನ್ನು ಎಬ್ಬಿಸುತ್ತಿದ್ದೆ. ಈ ಸಲ ನನ್ನ ಗಮನ ಅಲ್ಲಿಗೆ ಹೋಗಲೇ ಇಲ್ಲ. ಕೆಳಗೆ, ದಪ್ಪ ಸ್ವರದ ಬೇಸ್ ಗಿಟಾರ್ ಬೇರೆಯದೇ ಒಂದು ಹಾಡು ಹಾಡುತ್ತಿತ್ತು. ಸುಮ್ನೆ ತಾಳಕ್ಕೆ ಜೊತೆ ಕೊಡುತ್ತಿಲ್ಲ. ಓಡುತ್ತದೆ, ತಡೆಯುತ್ತದೆ, ಬೇಡದ ಕಡೆ ಒಂದು ಸ್ವರ ಹೆಚ್ಚು ಹಾಕಿ ಮತ್ತೆ ಸರಿಯಾದ ಜಾಗಕ್ಕೆ ಬಂದು ನಿಲ್ಲುತ್ತದೆ. ಲೀವೈ ಗಂಟಲು ಹರಿದುಕೊಂಡು ಬೇಡುತ್ತಿದ್ದರೆ ಕೆಳಗೆ ಇವನು ಅವನ ಎದೆಬಡಿತವನ್ನೇ ನುಡಿಸುತ್ತಿದ್ದಾನೆ. ಹಾಡು ಮುಗಿದ ಮೇಲೆ ಇನ್ನೊಂದು ಸಲ ಹಾಕಿದೆ, ಬೇಸ್ ಒಂದನ್ನೇ ಕೇಳಲು.

ಆ ಬೇಸ್ ನುಡಿಸಿದವನು ಜೇಮ್ಸ್ ಜೇಮರ್ಸನ್. ದಕ್ಷಿಣ ಕ್ಯಾರೊಲಿನಾದ ಎಡಿಸ್ಟೋ ದ್ವೀಪದಲ್ಲಿ ಹುಟ್ಟಿ, ಹುಡುಗನಾಗಿದ್ದಾಗಲೇ ಡೆಟ್ರಾಯ್ಟ್‌ಗೆ ಬಂದವನು. ಬಲಗೈಯ ತೋರುಬೆರಳು ಒಂದರಲ್ಲೇ ಮೀಟುತ್ತಿದ್ದ. ಆ ಬೆರಳಿಗೆ ಜೊತೆಯವರು 'ಕೊಕ್ಕೆ' ಅಂತ ಹೆಸರಿಟ್ಟಿದ್ದರು. ತಂತಿ ಹರಿದುಹೋಗದ ಹೊರತು ಬದಲಾಯಿಸುತ್ತಿರಲಿಲ್ಲ. ಅವನೂ ಅವನ ಜೊತೆಯವರೂ ಸೇರಿ ಫಂಕ್ ಬ್ರದರ್ಸ್. ನೀನು ಫೋಟೋ ತೆಗೆದ ಮನೆಯ ಆ ಸಣ್ಣ ರೂಮಿನಲ್ಲಿ ಹಗಲು ರಾತ್ರಿ ಅನ್ನದೆ ಕೂತು, ನಮ್ಮ ಎ ಸೈಡ್ ಪೂರ್ತಿ ನುಡಿಸಿದ್ದು ಇವರೇ. ಸುಪ್ರೀಮ್ಸ್ ಬೇರೆ, ಟೆಂಪ್ಟೇಷನ್ಸ್ ಬೇರೆ ಅಂತ ನಾವು ಜಗಳ ಆಡುತ್ತಿದ್ದೆವಲ್ಲ, ಅವರೆಲ್ಲರ ಹಿಂದೆ ಇದ್ದದ್ದು ಒಂದೇ ಗುಂಪು.

ಆದರೆ ರೆಕಾರ್ಡಿನ ಕವರಿನ ಮೇಲೆ ಅವರ ಹೆಸರು ಇರುತ್ತಿರಲಿಲ್ಲ. 1971ರಲ್ಲಿ ಮಾರ್ವಿನ್ ಗೇ 'ವಾಟ್ಸ್ ಗೋಯಿಂಗ್ ಆನ್' ತಂದಾಗ ಮೊದಲ ಬಾರಿ ವಾದ್ಯಗಾರರ ಹೆಸರು ಅಚ್ಚಾಯಿತು. ಅದರಲ್ಲಿ ಜೇಮರ್ಸನ್ ಹೆಸರಿನ ಹಿಂದೆ 'ಹೋಲಿಕೆಯೇ ಇಲ್ಲದ' ಅಂತ ಬರೆದಿದ್ದರು. ಅಷ್ಟು ಹೊತ್ತಿಗೆ ಅವನು ಹೆಚ್ಚು ಕಡಿಮೆ ಹನ್ನೆರಡು ವರ್ಷ ಅಲ್ಲಿ ನುಡಿಸಿದ್ದ. ಮರುವರ್ಷ ಕಂಪನಿ ಲಾಸ್ ಏಂಜಲಿಸ್‌ಗೆ ಎದ್ದು ಹೋಯಿತು. ಸ್ಟುಡಿಯೋ ಬಾಗಿಲಿಗೆ ಅಂಟಿಸಿದ್ದ ಚೀಟಿ ನೋಡಿಯೇ ತಮಗೆ ಗೊತ್ತಾಗಿದ್ದು ಅಂತ ಆ ಗುಂಪಿನವರು ಆಮೇಲೆ ಹೇಳಿಕೊಂಡಿದ್ದಾರೆ. ಜೇಮರ್ಸನ್ 1983ರಲ್ಲಿ ತೀರಿಕೊಂಡ. 47 ವರ್ಷ.

ಇನ್ನೊಬ್ಬ ರಾಬರ್ಟ್ ವೈಟ್. 'ಮೈ ಗರ್ಲ್' ಶುರುವಿನಲ್ಲಿ ಮೆಟ್ಟಿಲು ಹತ್ತಿದ ಹಾಗೆ ಬರುವ ಆ ಗಿಟಾರ್ ಅವನದು. ಮುಂದೆ ಎಷ್ಟೋ ವರ್ಷದ ಮೇಲೆ ಒಂದು ಹೋಟೆಲಿನಲ್ಲಿ ಊಟಕ್ಕೆ ಕೂತಿದ್ದಾಗ ಅದೇ ಹಾಡು ಬಂತಂತೆ. ಇದನ್ನು ನುಡಿಸಿದ್ದು ನಾನೇ ಅಂತ ಸಪ್ಲೈಯರಿಗೆ ಹೇಳಲು ಹೊರಟು, ಬಾಯಿ ಮುಚ್ಚಿಕೊಂಡನಂತೆ. ಇವನೊಬ್ಬ ಅರಳುಮರಳು ಮುದುಕ ಅಂದುಕೊಂಡಾನು ಅಂತ. ಈ ಕತೆ ಓದಿ ನನಗೆ ಹೊಟ್ಟೆ ಕಿವುಚಿದ ಹಾಗಾಯಿತು.

ನಮ್ಮ ಹಾಡುಗಳ ವಿಷಯ ಬೇರೆಯೇನಲ್ಲ. ಆ ಕಾಲದ ಕನ್ನಡ ಸಿನಿಮಾ ಹಾಡುಗಳು ಹೆಚ್ಚಾಗಿ ಮದರಾಸಿನ ಸ್ಟುಡಿಯೋಗಳಲ್ಲಿ ರೆಕಾರ್ಡ್ ಆದವು. ಕವರಿನ ಮೇಲೆ ಬರೆದವರು, ಹಾಡಿದವರು, ಸಂಗೀತ ನಿರ್ದೇಶಕರು. ಪಿಟೀಲು ನುಡಿಸಿದ ಸಾಲು ಸಾಲು ಜನ, ತಬಲಾದವರು, ಕೊಳಲಿನವರು ಎಲ್ಲಿ? ಜಿ.ಕೆ. ವೆಂಕಟೇಶ್ ಅವರ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದ ಒಬ್ಬ ಹುಡುಗ ಮುಂದೆ ಇಳಯರಾಜ ಆದರು, ಹಾಗಾಗಿ ಅವರೊಬ್ಬರು ನಮಗೆ ಗೊತ್ತು. ಪಕ್ಕದ ಕುರ್ಚಿಯಲ್ಲಿ ಕೂತಿದ್ದವರು ಗೊತ್ತಿಲ್ಲ. ಅಮ್ಮ ದಿನಾ ಗುನುಗುತ್ತಿದ್ದದ್ದು ಎಷ್ಟೋ ಸಲ ಹಾಡಿನ ಮಧ್ಯದ ಆ ಪಿಟೀಲನ್ನೇ.

ಇಷ್ಟು ಬರೆದು ನಿಲ್ಲಿಸಬೇಕು ಅಂದುಕೊಂಡಿದ್ದೆ. ಆದರೆ ನಿನಗೆ ಬರೆಯುತ್ತಾ ಇದ್ದರೆ ಕೈ ನಿಲ್ಲುವುದಿಲ್ಲ.

ನಾನು ಈಗ ಬೇಸ್ ಕೇಳುತ್ತಿರುವುದಕ್ಕೆ ಹೆಡ್‌ಫೋನ್ ಒಂದೇ ಕಾರಣ ಅಲ್ಲ ಕಣೋ. ಕಿವಿ ಪರೀಕ್ಷೆಗೆ ಮಾನಸಗಂಗೋತ್ರಿಯ ಸ್ಪೀಚ್ ಅಂಡ್ ಹಿಯರಿಂಗ್ ಸಂಸ್ಥೆಗೆ ಹೋಗಿದ್ದೆ. ನಾವು ಸೈಕಲ್ಲಿನಲ್ಲಿ ಅದರ ಮುಂದೆ ಹಾದು ಹೋಗುತ್ತಿದ್ದೆವಲ್ಲ, ಅಲ್ಲಿಗೇ. ಸದ್ದೇ ಇಲ್ಲದ ರೂಮಿನಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಸ್ವರ ಕೇಳಿಸಿದಾಗಲೆಲ್ಲ ಬೆರಳೆತ್ತಿ ಅಂದರು. ದಪ್ಪ ಸ್ವರಗಳಿಗೆ ಎತ್ತಿದೆ. ಮಧ್ಯದವಕ್ಕೂ ಎತ್ತಿದೆ. ಆಮೇಲೆ ಬಹಳ ಹೊತ್ತು ಏನೂ ಬರಲಿಲ್ಲ. ಪರೀಕ್ಷೆ ಮುಗಿಯಿತು ಅಂದುಕೊಂಡೆ. ಗಾಜಿನ ಆಚೆ ಆ ಹುಡುಗಿ ಇನ್ನೂ ಗುಂಡಿ ಒತ್ತುತ್ತಲೇ ಇದ್ದಳು.

ಚಾರ್ಟ್ ಕೈಗೆ ಕೊಟ್ಟರು. ಬಲಗಿವಿಗೆ ಕೆಂಪು ಸೊನ್ನೆ, ಎಡಗಿವಿಗೆ ನೀಲಿ ಇಂಟು ಗುರುತು. ಎರಡೂ ಗೆರೆ 2000 ಹರ್ಟ್ಜ್‌ವರೆಗೆ, ಅಂದರೆ ಸೆಕೆಂಡಿಗೆ ಎರಡು ಸಾವಿರ ಕಂಪನದ ಸ್ವರದವರೆಗೆ, ಹೆಚ್ಚು ಕಡಿಮೆ ನೇರ ಇವೆ. 4000ಕ್ಕೆ ಇಳಿಯುತ್ತವೆ, 8000ಕ್ಕೆ ಇನ್ನೂ ಕೆಳಗೆ. ಕಿವಿಯ ಒಳಗೆ ಶಂಖದ ಆಕಾರದ ಸುರುಳಿಯಲ್ಲಿ ಕೂದಲಿನಂಥ ಜೀವಕೋಶಗಳು ಇರುತ್ತವಂತೆ. ಸಣ್ಣ, ಮೊನಚು ಸ್ವರಗಳನ್ನು ಹಿಡಿಯುವವು ಬಾಗಿಲ ಹತ್ತಿರ, ದಪ್ಪ ಸ್ವರದವು ಒಳಗೆ ಕೊನೆಯಲ್ಲಿ. ವಯಸ್ಸಾದಂತೆ ಬಾಗಿಲ ಹತ್ತಿರದವು ಮೊದಲು ಹೋಗುತ್ತವೆ. ಹೋದವು ಮತ್ತೆ ಬೆಳೆಯುವುದಿಲ್ಲ. ಸ, ಶ, ಚ, ಫ ಇಂಥ ಅಕ್ಷರಗಳು ಮೇಲಿನವು, ಅವು ಮೊದಲು ಮಸುಕಾಗುತ್ತವೆ. ಮಗಳು ಒಳಗಿನಿಂದ ಏನಾದರೂ ಹೇಳಿದರೆ ನನಗೆ ಅರ್ಧ ಅಕ್ಷರ ಬರುವುದು ಅದಕ್ಕೇ. ಬೇಸ್ ಗಿಟಾರಿನ ದಪ್ಪ ತಂತಿ 41 ಹರ್ಟ್ಜ್. ಅದು ಸುರುಳಿಯ ತೀರಾ ಒಳಗಿನ ಕೋಣೆ. ಅಲ್ಲಿ ಇನ್ನೂ ದೀಪ ಉರಿಯುತ್ತಿದೆ.

ಮನೆಗೆ ಬಂದು ಸುಪ್ರೀಮ್ಸ್ ಹಾಡಿದ 'ಯು ಕಾಂಟ್ ಹರಿ ಲವ್' ಹಾಕಿದೆ. ಬೇಸಿನ ಹಿಂದೆಯೇ ಟ್ಯಾಂಬೊರಿನ್ ಬರಬೇಕು. ಬಂತು. ಪೂರ್ತಿ, ಝಲ್ ಝಲ್ ಅಂತ, ಹಾಸ್ಟೆಲಿನಲ್ಲಿ ಕೇಳಿದ ಹಾಗೆಯೇ. ಒಂದು ಕ್ಷಣ ಖುಷಿಯಾಯಿತು. ಆಮೇಲೆ ಮಗಳು ಇಷ್ಟಪಡುವ ಒಂದು ಹೊಸ ಹಾಡು ಹಾಕಿದೆ, ಹಿಂದೆ ಎಂದೂ ಕೇಳದ್ದು. ಅದರಲ್ಲಿ ಮೇಲಿನ ಭಾಗವೇ ಇರಲಿಲ್ಲ. ಗೋಡೆಯ ಆಚೆ ಯಾರೋ ಹಾಡಿದ ಹಾಗಿತ್ತು. ಅವಳನ್ನು ಕೇಳಿದೆ. ಗೆಜ್ಜೆಯ ಥರದ ಸದ್ದು ಉದ್ದಕ್ಕೂ ಇದೆ ಅಂದಳು.

ಆಗ ಹೊಳೆಯಿತು. ಹಳೆಯ ಹಾಡಿನ ಟ್ಯಾಂಬೊರಿನ್ ನನಗೆ ಕೇಳಿಸುತ್ತಿದೆಯೋ, ನೆನಪೇ ಅದನ್ನು ನುಡಿಸುತ್ತಿದೆಯೋ? ನನಗೆ ಬೇರೆ ಮಾಡಿ ಹೇಳಲು ಆಗುತ್ತಿಲ್ಲ. ಅಂದಿನ ಹಾಡುಗಳೇ ಹಾಡು, ಇಂದಿನವು ಏನೂ ಇಲ್ಲ ಅಂತ ಈಚೆಗೆ ಎಲ್ಲರ ಮುಂದೆ ವಾದ ಮಾಡುತ್ತಿದ್ದೆ. ಹಳೆಯವು ಒಳ್ಳೆಯವು ಅಂತ ಹತ್ತಿರ ಆದವೋ, ಅವು ಮಾತ್ರ ನನಗೆ ಇಡಿಯಾಗಿ ಉಳಿದಿವೆ ಅಂತ ಹತ್ತಿರ ಆದವೋ? ರಾತ್ರಿ ಎಲ್ಲರೂ ಮಲಗಿದ ಮೇಲೆ ಹಳೆಯ ರೆಕಾರ್ಡುಗಳನ್ನು ಒಂದಾದ ಮೇಲೆ ಒಂದು ಹಾಕುತ್ತಿರುತ್ತೇನೆ. ಹೆಂಡತಿ ಇದನ್ನು ಖಯಾಲಿ ಅಂದುಕೊಂಡಿದ್ದಾಳೆ. ಇದು ಭಯ ಕಣೋ. ಕಿವಿಯಲ್ಲಿ ಇನ್ನೂ ಏನೇನು ಇದೆ ಅಂತ ನೋಡಿಕೊಳ್ಳುತ್ತಿದ್ದೇನೆ. ಒಂದು ದಿನ ಅವಳ ದನಿಯೂ ಹೀಗೇ ಅರ್ಧ ಕಿವಿಯಿಂದ, ಅರ್ಧ ನೆನಪಿನಿಂದ ಬರುವುದಾದರೆ? ಈ ಮಾತನ್ನು ಮನೆಯಲ್ಲಿ ಇನ್ನೂ ಯಾರಿಗೂ ಹೇಳಿಲ್ಲ. ಇಲ್ಲಿ ಹೇಳಿಬಿಟ್ಟೆ. ಓದಿದರೆ ಓದಲಿ.

ಹಾಗಂತ ಜೇಮರ್ಸನ್ ಸಿಕ್ಕ ಸಂತೋಷ ಸುಳ್ಳಲ್ಲ. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಮನೆಯೊಳಗೇ ಇದ್ದವನನ್ನು ಈಗ ಮಾತಾಡಿಸಿದ್ದೇನೆ. ಇದನ್ನು ಯಾವ ಚಾರ್ಟೂ ಕಿತ್ತುಕೊಳ್ಳಲಾರದು.

ಸಾಕು, ಮುಖ ಸಣ್ಣದು ಮಾಡಬೇಡ. ಈಗಲೇ ಕಿವಿಗೆ ಮಿಷನ್ ಹಾಕಿಕೊಳ್ಳಬೇಕೋ ಬೇಡವೋ ಅಂತ ಮುಂದಿನ ತಿಂಗಳು ನೋಡಿ ಹೇಳುತ್ತಾರೆ. ಹಾಕಿದರೆ ಎಷ್ಟೋ ವಾಪಸು ಬರುತ್ತದಂತೆ. ನಿನ್ನ ಓಟಿಸ್‌ಗೆ ಅದೂ ಬೇಡ. 'ಡಾಕ್ ಆಫ್ ದ ಬೇ' ಕೊನೆಯ ಸಿಳ್ಳೆ ನನಗೆ ಚೆನ್ನಾಗಿ ಕೇಳಿಸುತ್ತದೆ. 1967ರ ಡಿಸೆಂಬರ್ 7ರಂದು ಅದರ ರೆಕಾರ್ಡಿಂಗ್ ಕೆಲಸ ಮಾಡಿ, 10ರಂದು ವಿಸ್ಕಾನ್ಸಿನ್‌ನ ಕೆರೆಗೆ ವಿಮಾನ ಬಿದ್ದು ಹೋಗಿಬಿಟ್ಟ. 26 ವರ್ಷದ ಹುಡುಗ. ನಮ್ಮ ಮಕ್ಕಳ ವಾರಿಗೆಯವನು ಅಷ್ಟು ದಣಿದ ದನಿಯಲ್ಲಿ ಹಾಡಿದ್ದ. ಆ ಒಂದು ಹಾಡಿನ ವಿಷಯದಲ್ಲಿ ನಿನ್ನ ಬಿ ಸೈಡ್‌ಗೆ ನಾನು ಸೋತೆ. ಆದರೆ ಅದೊಂದರಲ್ಲಿ ಮಾತ್ರ. ಮೆಂಫಿಸ್ ದೊಡ್ಡದೋ ಡೆಟ್ರಾಯ್ಟ್ ದೊಡ್ಡದೋ ಅನ್ನುವ ಕೇಸು ಇನ್ನೂ ಮುಗಿದಿಲ್ಲ.

ಈಗ ನಿನಗೊಂದು ಕೆಲಸ. 'ಯು ಕಾಂಟ್ ಹರಿ ಲವ್' ಹಾಕಿಕೊಂಡು ಟ್ಯಾಂಬೊರಿನ್ ಎಲ್ಲೆಲ್ಲಿ ಬರುತ್ತದೆ, ಎಲ್ಲಿ ನಿಲ್ಲುತ್ತದೆ ಅಂತ ಬರೆದು ಕಳಿಸು. ನಾನೂ ಬರೆದಿಟ್ಟಿದ್ದೇನೆ, ತಾಳೆ ನೋಡೋಣ. ಡಿಸೆಂಬರಿನಲ್ಲಿ ಬಂದಾಗ ಮೈಲಾರಿ ದೋಸೆ ನನ್ನ ಲೆಕ್ಕ. ಬೆಣ್ಣೆ ಮಾತ್ರ ಹಳೆಯ ಒಪ್ಪಂದದ ಪ್ರಕಾರವೇ. ಮತ್ತೆ ಈಗಲೇ ಹೇಳಿರುತ್ತೇನೆ, ನನ್ನ ಬಲಗಡೆ ಕೂರು, ಆ ಕಿವಿ ಸ್ವಲ್ಪ ವಾಸಿ. ಓಟಿಸ್ ಪರವಾಗಿ ಏನೇನು ಮಾತಾಡಬೇಕೋ ಎಲ್ಲ ಆ ಕಡೆಯಿಂದ ಮಾತಾಡು.

ನಿನ್ನ
ಎ ಸೈಡ್