32 ಬ್ಯಾಗಿಗೆ ಥ್ಯಾಂಕ್ಸ್ ಹೇಳೋದು ಹೆಂಗೆ

ಮಗಳಿಗೆ ನಿನ್ನೆ ಎರಡು ತಿಂಗಳು ತುಂಬ್ತು. ಅವಳು ತೋಳ್ ಮೇಲೆ ಮಲಗಿದಾಳೆ, ಇನ್ನೊಂದು ಕೈಯಲ್ಲಿ ಟೈಪ್ ಮಾಡ್ತಿದೀನಿ, ತಪ್ಪಿದ್ರೆ ಹೊಟ್ಟೆಗ್ ಹಾಕ್ಕೊಳಿ.

ಗೊತ್ತಿಲ್ದೇ ಇರೋರಿಗೆ: ನಂಗೆ ಥಲಸ್ಸೇಮಿಯಾ ಮೇಜರ್, ಅಂದ್ರೆ ಮೈ ತಾನಾಗೇ ಸಾಕಷ್ಟು ರಕ್ತ ಮಾಡ್ಕೊಳ್ಳೋಕಾಗ್ದೇ ಇರೋ, ಹುಟ್ಟಿನಿಂದ ಬರೋ ಕಾಯಿಲೆ. ಎಂಟು ತಿಂಗಳ ಕೂಸಿದ್ದಾಗಿಂದ ಮೂರು ವಾರಕ್ಕೊಂದ್ಸಲ ಯಾರದೋ ರಕ್ತ ಹಾಕಿಸ್ಕೊಂಡೇ ಬದುಕಿರೋಳು ನಾನು. ರಕ್ತದ ಜೊತೆ ಕಬ್ಬಿಣಾನೂ ಬರುತ್ತೆ, ಅದು ಹೊರಗ್ ಹೋಗಲ್ಲ, ಹಾರ್ಟು, ಲಿವರು, ಹಾರ್ಮೋನ್ ಗ್ರಂಥಿ ಅಂತ ಸಿಕ್ಕಲ್ಲೆಲ್ಲ ಠಿಕಾಣಿ ಹೂಡುತ್ತೆ. ಅದಕ್ಕೇ ಮಗು ಬೇಕು ಅಂದಾಗ ಒಬ್ರು ಡಾಕ್ಟ್ರು ಫೈಲ್ ಮುಚ್ಚಿ "ನಿಮ್ಮನ್ನ ನೀವು ನೋಡ್ಕೊಂಡ್ರೆ ಸಾಕಲ್ವಾಮ್ಮ" ಅಂದ್ರು. ಕೆಟ್ಟೋರೇನಲ್ಲ, ಆದ್ರೆ ಆ ಫೈಲ್ ಮುಚ್ಚಿದ ಸದ್ದು ಇನ್ನೂ ಕಿವೀಲಿದೆ.

ಮೊದಲ ಥ್ಯಾಂಕ್ಸು ಆ ಫೈಲನ್ನ ಮತ್ತೆ ತೆಗೆದ ನನ್ನ ಡಾಕ್ಟ್ರಮ್ಮಂಗೆ. ಅವ್ರು ನನ್ನ ಮುಟ್ಟೋಕ್ ಮುಂಚೆ ನನ್ ಗಂಡನ ರಕ್ತ ಟೆಸ್ಟ್ ಮಾಡಿಸಿದ್ರು. ಅವ್ನು ಕ್ಯಾರಿಯರ್ ಆಗಿದ್ರೆ, ಅಂದ್ರೆ ಕಾಯಿಲೆ ಇಲ್ದಿದ್ರೂ ಅದರ ಜೀನ್ ಒಂದನ್ನ ಹೊತ್ಕೊಂಡಿದ್ರೆ, ಮಗೂಗೆ ಮೇಜರ್ ಬರೋ ಚಾನ್ಸ್ ಅರ್ಧಕ್ಕರ್ಧ, ಪುಣ್ಯಕ್ಕೆ ಅವ್ನು ಕ್ಯಾರಿಯರ್ ಅಲ್ಲ, ಹಂಗಾಗಿ ಮಗಳು ಮೈನರ್, ಅಂದ್ರೆ ಬರೀ ಕ್ಯಾರಿಯರ್ ಅಷ್ಟೇ. ಆಮೇಲೆ ಹಾರ್ಟಿನ ಎಮ್‌ಆರ್‌ಐ, ಒಂದೂವರೆ ವರ್ಷ ಕಬ್ಬಿಣ ಇಳಿಸೋ ಕೆಲ್ಸ, ಬಸುರಿ ಆಗೋಕೆ ಮೂರು ತಿಂಗಳು ಮುಂಚೆ ಕಬ್ಬಿಣ ಇಳಿಸೋ ಗುಳಿಗೆ ಬಂದ್, ಅದೆಲ್ಲ ಬರೆಯೋಕೆ ಹೋದ್ರೆ ಮಗಳು ಎದ್ಬಿಡ್ತಾಳೆ.

ನಿಜಕ್ಕೂ ಹೇಳ್ಬೇಕಾಗಿರೋದು ರಕ್ತ ಕೊಟ್ಟೋರ ಬಗ್ಗೆ. ಬಸುರಿ ಆದ್ಮೇಲೆ ಹಿಮೋಗ್ಲೋಬಿನ್ 10ರ ಕೆಳಗೆ ಇಳಿಯೋ ಹಂಗಿಲ್ಲ ಅಂದ್ರು, ಮೊದ್ಲು ಮೂರು ವಾರಕ್ಕೆ ಎರಡು ಬ್ಯಾಗು, ಐದನೇ ತಿಂಗಳಾದ್ಮೇಲೆ ಎರಡೇ ವಾರಕ್ಕೆ ಎರಡು, ಒಟ್ಟು 32. ಬ್ಯಾಗ್ ಮೇಲೆ ಕೊಟ್ಟೋರ ಹೆಸ್ರು ಇರಲ್ಲ, ಒಂದು ನಂಬರ್, ಗ್ರೂಪು, ಮುಗಿಯೋ ತಾರೀಖು ಅಷ್ಟೇ. ಫ್ರಿಡ್ಜಿಂದ ಬಂದಿರುತ್ತಲ್ಲ, ಶುರುವಾದಾಗ ಮೊಣಕೈವರೆಗೂ ತಣ್ಣಗೆ ಹತ್ಕೊಂಡು ಹೋಗುತ್ತೆ. ನಾನು ಪ್ರತೀ ನಂಬರನ್ನೂ ಡೈರೀಲಿ ಬರ್ಕೊಂಡಿದೀನಿ, ಹುಚ್ಚು ಅಂದ್ಕೊಳಿ, ಬೇರೆ ಹೆಂಗೆ ನೆನಪಿಟ್ಕೊಳ್ಳೋದು ಇವ್ರನ್ನ?

ಏಳನೇ ತಿಂಗಳಲ್ಲಿ ಒಂದಿನ ಎಷ್ಟು ಬ್ಯಾಗ್ ತೆಗೆದು ನೋಡಿದ್ರೂ ಕ್ರಾಸ್ ಮ್ಯಾಚ್ ಆಗ್ಲಿಲ್ಲ, ಅಂದ್ರೆ ಟೆಸ್ಟಲ್ಲಿ ನನ್ ರಕ್ತಕ್ಕೆ ಹೊಂದ್ಲಿಲ್ಲ, ಇಷ್ಟು ವರ್ಷ ಬೇರೆಯವರ ರಕ್ತ ತಗೊಂಡು ತಗೊಂಡು ನನ್ ಮೈ ಕೆಲವು ರಕ್ತಾನ ಶತ್ರು ಅಂತ ಗುರ್ತಿಟ್ಕೊಂಡಿದೆ. ಬೆಳಿಗ್ಗೆಯಿಂದ ಬೆಡ್ ಮೇಲೆ ಕೂತು ಗೋಡೆ ಗಡಿಯಾರ ನೋಡ್ತಿದ್ದೆ, ಸಂಜೆ ಹೊತ್ಗೆ ಯಾರೋ ಪುಣ್ಯಾತ್ಮರ ರಕ್ತ ಹೊಂದ್ತು ಅಂತ ಸಿಸ್ಟರ್ ಓಡಿ ಬಂದ್ರು. ಎರಡನೇ ಬ್ಯಾಗು ಅರ್ಧ ಆಗಿರ್ಬೇಕು, ಇವಳು ಒಳಗಿಂದ ಒಂದೇ ಸಮ ಒದೆಯೋಕೆ ಶುರು ಮಾಡಿದ್ಲು. ಆ ಸಿಸ್ಟರಿಗೂ ಥ್ಯಾಂಕ್ಸ್, ಚುಚ್ಚಿ ಚುಚ್ಚಿ ಕಲ್ಲಾಗಿರೋ ಕೈಯಲ್ಲಿ ನರ ಹುಡುಕೋದು ಅಂದ್ರೆ ತಮಾಷೆ ಅಲ್ಲ, ಅವ್ರು ಕಣ್ಮುಚ್ಕೊಂಡು ಬೆರಳಲ್ಲೇ ಹುಡುಕ್ತಾರೆ.

ಗಂಡಂಗೆ ಥ್ಯಾಂಕ್ಸ್ ಹೇಳಿದ್ರೆ ಬಯ್ತಾನೆ, ಆದ್ರೂ. 20 ವಾರ ದಾಟಿದ್ಮೇಲೆ ರಾತ್ರಿ ಹೊತ್ತು ಕಬ್ಬಿಣ ತೆಗೆಯೋ ಪಂಪು ಮತ್ತೆ ಶುರುವಾಯ್ತು, ಹೊಟ್ಟೆಗೆ ಸೂಜಿ ಹಾಕ್ಕೊಳೋಕೆ ನಂಗೆ ಮನಸ್ಸು ಬರ್ಲಿಲ್ಲ, ಅವ್ನೇ ತೊಡೆಗೆ ಹಾಕ್ತಿದ್ದ, ಮಲಗಿದ್ದಾಗ ಪೈಪು ಸಿಕ್ಕಾಕ್ಕೊಳುತ್ತೆ ಅಂತ ಮಂಚದ ತುದೀಲಿ ಮುದುರ್ಕೊಂಡು ಮಲಗ್ತಿದ್ದ.

ಮಗಳಿಗೆ ಹುಟ್ಟಿದ್ ದಿನ ಹಿಮೋಗ್ಲೋಬಿನ್ 17 ಇತ್ತು. ನನ್ ಜನ್ಮದಲ್ಲಿ ಆ ನಂಬರ್ ನನ್ ರಿಪೋರ್ಟಲ್ಲಿ ಬಂದಿಲ್ಲ, ತಪ್ಪು ಪ್ರಿಂಟ್ ಆಗಿದೆಯಾ ಅಂತ ಎರಡ್ಸಲ ಕೇಳ್ದೆ. ಮಕ್ಕಳಿಗೆ ಹುಟ್ಟುವಾಗ ಅಷ್ಟಿರುತ್ತಂತೆ.

ಗುರುವಾರ ಮತ್ತೆ ನನ್ ಸರದಿ. ಎರಡು ಬ್ಯಾಗ್ ಮ್ಯಾಚ್ ಆಗಿದೆ ಅಂತ ಈಗ ತಾನೇ ಮೆಸೇಜ್ ಬಂತು.