ಬಾಕಿ ಬಿಲ್ಲಿಗೆ ಕಾನೂನಿದೆ, ಕಾಗದ ಗಟ್ಟಿಯಾಗಿರಲಿ

ಮಾನ್ಯ ಸಂಪಾದಕರೇ,

ಮಾರ್ಚ್ ಬಂತೆಂದರೆ ಬೆಳಗಾವಿಯ ಉದ್ಯಮಬಾಗ್, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಂಗಳೂರಿನ ಪೀಣ್ಯದ ಸಣ್ಣ ಕಾರ್ಖಾನೆಗಳಿಗೆ ದೊಡ್ಡ ಕಂಪನಿಗಳ ಅಕೌಂಟ್ಸ್ ವಿಭಾಗದಿಂದ ಫೋನ್ ಬರತೊಡಗುತ್ತದೆ: ‘ನಿಮ್ಮ ಉದ್ಯಮ್ ಸರ್ಟಿಫಿಕೇಟ್ ಕಳಿಸಿ.’ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮವೆಂದು ಸರ್ಕಾರದಲ್ಲಿ ನೋಂದಾಯಿಸಿದ ಪತ್ರವೇ ಉದ್ಯಮ್.) ವರ್ಷವಿಡೀ ಕೇಳಿದರೂ ಬಾರದ ಹಣ ಮಾರ್ಚ್ ಕೊನೆಯ ವಾರ ಖಾತೆಗೆ ಬೀಳುತ್ತದೆ. 2023ರ ಹಣಕಾಸು ಕಾಯ್ದೆ ಆದಾಯ ತೆರಿಗೆಗೆ ತಂದ, 43ಬಿ(ಎಚ್) ಎಂದೇ ಹೆಸರಾದ ತಿದ್ದುಪಡಿಯೇ ಇದಕ್ಕೆ ಕಾರಣ. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಕೊಡಬೇಕಾದ ಹಣ ಗಡುವು ಮೀರಿಯೂ ಮಾರ್ಚ್ 31ಕ್ಕೆ ಬಾಕಿ ಇದ್ದರೆ, ಖರೀದಿದಾರರು ಅದನ್ನು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ.

ಇದರಿಂದ ಉಪಕಾರ ಆಗಿದೆ, ನಿಜ. ಆದರೆ ಜೂನ್ ತಿಂಗಳ ಬಿಲ್ಲನ್ನು ಮಾರ್ಚ್ 30ರಂದು ಚುಕ್ತಾ ಮಾಡಿದ ಕಂಪನಿಗೆ ತೆರಿಗೆಯಲ್ಲಿ ಒಂದು ರೂಪಾಯಿಯೂ ನಷ್ಟವಾಗುವುದಿಲ್ಲ. ಆ ಒಂಬತ್ತು ತಿಂಗಳು ಕಬ್ಬಿಣಕ್ಕೆ, ಕರೆಂಟಿಗೆ, ಕೂಲಿಗೆ ಬಡ್ಡಿ ಸಾಲ ತಂದು ಸುರಿದವರು ಸಣ್ಣ ಕಾರ್ಖಾನೆಯವರು. ಅವರ ನಿಜವಾದ ಆಸರೆ ಇರುವುದು ಬೇರೆ ಕಾನೂನಿನಲ್ಲಿ: ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ, 2006. ಅದನ್ನು ಬಳಸುವವರು ಕಡಿಮೆ. ಬಳಸಲು ಹೋದವರೂ ಕಾಗದ ಸರಿಯಿಲ್ಲದೆ ಸೋಲುವುದನ್ನು ಕಂಡು ಈ ಪತ್ರ ಬರೆಯುತ್ತಿದ್ದೇವೆ.

ಕಾಯ್ದೆಯ 15ನೇ ಸೆಕ್ಷನ್ ಪ್ರಕಾರ ಲಿಖಿತ ಒಪ್ಪಂದ ಇಲ್ಲದಿದ್ದರೆ ಮಾಲು ಸ್ವೀಕರಿಸಿದ 15 ದಿನದಲ್ಲಿ ಹಣ ಕೊಡಬೇಕು. ಒಪ್ಪಂದ ಇದ್ದರೆ ಅದರಲ್ಲಿರುವ ಅವಧಿ, ಆದರೆ 45 ದಿನ ಮೀರುವಂತಿಲ್ಲ. ಪರ್ಚೇಸ್ ಆರ್ಡರಿನಲ್ಲಿ ‘90 ದಿನ’ ಎಂದು ಅಚ್ಚಾಗಿದ್ದು, ಕೆಳಗೆ ನೀವು ಸಹಿ ಹಾಕಿದ್ದರೂ 45ನೇ ದಿನಕ್ಕೆ ಗಡುವು ಮುಗಿಯುತ್ತದೆ. ಆಮೇಲೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ಬ್ಯಾಂಕ್ ದರ ಶೇ 6 ಎಂದಿಟ್ಟುಕೊಂಡರೆ ಬಡ್ಡಿ ಶೇ 18. 5 ಲಕ್ಷ ರೂಪಾಯಿ ಒಂದು ವರ್ಷ ತಡವಾದರೆ ಬಡ್ಡಿಯೇ ಸುಮಾರು 97,800 ರೂಪಾಯಿ. ಈ ಬಡ್ಡಿಯನ್ನು ಖರೀದಿದಾರರು ತೆರಿಗೆ ಲೆಕ್ಕದಲ್ಲಿ ಖರ್ಚೆಂದು ತೋರಿಸುವಂತೆಯೂ ಇಲ್ಲ.

ಎಡವಟ್ಟಾಗುವುದು ‘ಸ್ವೀಕರಿಸಿದ ದಿನ’ದಲ್ಲಿ. ಮಾಲು ತಲುಪಿದ 15 ದಿನದೊಳಗೆ ಖರೀದಿದಾರರು ಬರಹದಲ್ಲಿ ತಕರಾರು ಎತ್ತದಿದ್ದರೆ ಮಾಲು ತಲುಪಿದ ದಿನವೇ ಸ್ವೀಕೃತಿಯ ದಿನ. ಎತ್ತಿದರೆ, ಆ ದೋಷ ಸರಿಪಡಿಸಿಕೊಟ್ಟ ದಿನದಿಂದ ಎಣಿಕೆ. ನಮ್ಮಲ್ಲಿ ನಡೆಯುವುದೇ ಬೇರೆ. ಕ್ವಾಲಿಟಿ ವಿಭಾಗದವರು ಫೋನಿನಲ್ಲಿ ‘200 ಪೀಸ್ ರಿಜೆಕ್ಟ್’ ಎನ್ನುತ್ತಾರೆ, ನಾವು ಹೂಂ ಎನ್ನುತ್ತೇವೆ. ನಾಲ್ಕು ತಿಂಗಳ ಮೇಲೆ ಇಡೀ ಲಾಟಿನ ಮೇಲೆ ಡೆಬಿಟ್ ನೋಟ್, ಅಂದರೆ ಬಿಲ್ಲಿನ ಹಣ ಕಡಿತ ಮಾಡಿದ ಚೀಟಿ, ಬರುತ್ತದೆ. ಆಗ ಕೈಯಲ್ಲಿರಬೇಕಾದದ್ದು ಗೇಟಿನ ಇನ್‌ವರ್ಡ್ ಸೀಲು, ದಿನಾಂಕ, ಸಹಿ ಮೂರೂ ಇರುವ ಡೆಲಿವರಿ ಚಲನ್. ಡ್ರೈವರ್ ಬರಿ ಸೀಲು ಹಾಕಿಸಿಕೊಂಡು ಬಂದಿದ್ದರೆ, ದಿನಾಂಕದ ಜಾಗ ಖಾಲಿ ಇದ್ದರೆ, ಅದೇ ದಿನ ಇನ್‌ವಾಯ್ಸ್ ನಂಬರ್ ಹಾಕಿ ‘ಮಾಲು ಇಂದು ನಿಮ್ಮ ಗೇಟಿನೊಳಗೆ ಬಂದಿದೆ’ ಎಂದು ಇ-ಮೇಲ್ ಮಾಡಿ. ಫೋನಿನಲ್ಲಿ ರಿಜೆಕ್ಷನ್ ಹೇಳಿದರೆ, ಎಷ್ಟು ಪೀಸ್, ಏನು ದೋಷ ಎಂದು ಬರೆದು ಕಳಿಸುವಂತೆ ಮೇಲ್‌ನಲ್ಲೇ ಕೇಳಿ. ಒಪ್ಪಲಾಗದ ಡೆಬಿಟ್ ನೋಟನ್ನು ಸುಮ್ಮನೆ ಫೈಲಿಗೆ ಸೇರಿಸಬೇಡಿ, ಒಪ್ಪುವುದಿಲ್ಲವೆಂದು ಕೂಡಲೇ ಬರೆಯಿರಿ.

ಉದ್ಯಮ್ ನೋಂದಣಿ ಪೂರ್ತಿ ಉಚಿತ. ದುಡ್ಡು ಕೇಳುವ ವೆಬ್‌ಸೈಟುಗಳು ಸರ್ಕಾರದವಲ್ಲ. ಮಾಲು ಕೊಟ್ಟ ಮೇಲೆ ನೋಂದಣಿ ಮಾಡಿಸಿ ಹಳೆಯ ಬಿಲ್ಲಿಗೆ ಕಾಯ್ದೆಯ ಲಾಭ ಕೇಳಲಾಗದು ಎಂದು ಸಿಲ್ಪಿ ಇಂಡಸ್ಟ್ರೀಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿತು. 2025ರ ಜನವರಿಯಲ್ಲಿ ಈ ಪ್ರಶ್ನೆಯನ್ನು ದೊಡ್ಡ ಪೀಠಕ್ಕೆ ಒಪ್ಪಿಸಿತು. ದೊಡ್ಡ ಪೀಠದ ತೀರ್ಪನ್ನು ನೆಚ್ಚಿ ಕೂರುವ ಬದಲು ಆರ್ಡರ್ ಹಿಡಿಯುವ ಮೊದಲೇ ನೋಂದಣಿ ಮಾಡಿಸಿ, ನಂಬರನ್ನು ಪ್ರತಿ ಇನ್‌ವಾಯ್ಸಿನ ಮೇಲೂ ಅಚ್ಚು ಹಾಕಿಸಿ. ಬರೀ ಕೊಂಡು ಮಾರುವ ವ್ಯಾಪಾರಿಗಳಿಗೆ ಉದ್ಯಮ್ ಸಿಕ್ಕರೂ ಅದು ಬ್ಯಾಂಕಿನ ಆದ್ಯತಾ ಸಾಲಕ್ಕಷ್ಟೇ, ಬಾಕಿ ವಸೂಲಿಗೆ ಒದಗುವುದಿಲ್ಲ. ಮಧ್ಯಮ ಉದ್ಯಮಗಳಿಗೂ ಈ ರಕ್ಷಣೆ ಇಲ್ಲ. 2025ರ ಏಪ್ರಿಲ್ 1ರಿಂದ ಸಣ್ಣ ಉದ್ಯಮದ ಮಿತಿ ಹೂಡಿಕೆ 25 ಕೋಟಿ, ವಹಿವಾಟು 100 ಕೋಟಿಗೆ ಏರಿರುವುದರಿಂದ, ಮೊದಲು ಮಧ್ಯಮ ಎನಿಸಿದ್ದ ಹಲವರು ಈಗ ಒಳಗೆ ಬಂದಿದ್ದಾರೆ.

ಉದ್ಯಮ್ ರದ್ದು ಮಾಡಿಸಿಕೊಂಡರೆ ಮಾತ್ರ ಆರ್ಡರ್ ಎಂದು ಒತ್ತಡ ಹಾಕುವ ಖರೀದಿದಾರರೂ ಇದ್ದಾರೆ. ಒಬ್ಬೊಬ್ಬರೇ ಇದನ್ನು ಎದುರಿಸುವುದು ಕಷ್ಟ, ಕೈಗಾರಿಕಾ ಸಂಘಗಳು ಮುಂದೆ ನಿಲ್ಲಬೇಕು.

ಹಣ ಬಾರದಿದ್ದರೆ ಸೂಕ್ಷ್ಮ ಮತ್ತು ಸಣ್ಣ ಉದ್ಯಮಗಳ ನೆರವು ಮಂಡಳಿಗೆ ಆನ್‌ಲೈನಿನಲ್ಲಿ ಅರ್ಜಿ ಹಾಕಬಹುದು. ಆರ್ಡರ್, ಇನ್‌ವಾಯ್ಸ್, ಚಲನ್, ಇ-ವೇ ಬಿಲ್, ಲೆಡ್ಜರ್ ಜೊತೆಗಿರಲಿ. ಆರ್ಡರಿನ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ ‘ವಿವಾದಗಳು ಪುಣೆ ನ್ಯಾಯಾಲಯದ ವ್ಯಾಪ್ತಿಗೆ’ ಎಂದಿದ್ದರೆ ಅಂಜಬೇಕಿಲ್ಲ: ಖರೀದಿದಾರರು ದೇಶದ ಎಲ್ಲೇ ಇರಲಿ, ಮಾಲು ಕೊಟ್ಟವರ ಊರಿನ ವ್ಯಾಪ್ತಿಯ ಮಂಡಳಿಗೇ ಅಧಿಕಾರ. ಒಪ್ಪಂದದಲ್ಲಿ ಬೇರೆ ಮಧ್ಯಸ್ಥಿಕೆಯ ಷರತ್ತಿದ್ದರೂ ಈ ಕಾಯ್ದೆಯೇ ಮೇಲು ಎಂದು ಸುಪ್ರೀಂ ಕೋರ್ಟ್ 2022ರ ಮಹಾಕಾಳಿ ಫುಡ್ಸ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಮಂಡಳಿಯ ಆದೇಶ ಪ್ರಶ್ನಿಸಲು ಖರೀದಿದಾರರು ಮೊತ್ತದ ಶೇ 75ರಷ್ಟನ್ನು ಮೊದಲು ಕೋರ್ಟಿನಲ್ಲಿ ಕಟ್ಟಬೇಕು. ಬಾಕಿ ಕೇಳಲು ಇರುವ ಮೂರು ವರ್ಷದ ಕಾಲಮಿತಿ ಮರೆಯಬೇಡಿ. ಅದು ಮುಗಿಯುವ ಮೊದಲೇ ಇಷ್ಟು ಬಾಕಿ ಇದೆ ಎಂದು ಒಪ್ಪಿ ಖರೀದಿದಾರರು ಸಹಿ ಹಾಕಿದ ಬ್ಯಾಲೆನ್ಸ್ ಕನ್ಫರ್ಮೇಶನ್ ಪತ್ರ ಪಡೆದಿದ್ದರೆ ಎಣಿಕೆ ಆ ದಿನದಿಂದ ಹೊಸದಾಗಿ ಶುರುವಾಗುತ್ತದೆ. ಅವರು ಕಳಿಸಿದ ಪತ್ರದಲ್ಲಿ ಡೆಬಿಟ್ ಕಳೆದ ಮೊತ್ತವಿದ್ದರೆ ಹಾಗೇ ಸಹಿ ಹಾಕಿ ಕಳಿಸಬೇಡಿ.

ಕಾಯ್ದೆ ಹೇಳುವುದು 90 ದಿನದಲ್ಲಿ ಇತ್ಯರ್ಥವಾಗಬೇಕೆಂದು. ಅಷ್ಟರಲ್ಲಿ ಮುಗಿಯುವುದು ಅಪರೂಪ. ರಾಜ್ಯ ಸರ್ಕಾರ ಮಂಡಳಿಯ ಸಭೆಗಳ ದಿನಾಂಕವನ್ನು ಮೂರು ತಿಂಗಳ ಮೊದಲೇ ಪ್ರಕಟಿಸಲಿ, ಬಾಕಿ ಅರ್ಜಿಗಳ ಪಟ್ಟಿಯನ್ನು ಹಾಕಿದ ದಿನಾಂಕದ ಸಮೇತ ಜನರ ಮುಂದಿಡಲಿ. ಜಿಲ್ಲಾ ಕೈಗಾರಿಕಾ ಕೇಂದ್ರಗಳು ಭರ್ತಿ ಮಾಡಿದ ಮಾದರಿ ಅರ್ಜಿಯೊಂದನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಕೈಗಾರಿಕಾ ವಸಾಹತಿಗೂ ಹಂಚಲಿ.

– ಸಣ್ಣ ಕೈಗಾರಿಕೆಗಳ ಲೆಕ್ಕಪತ್ರ ನೋಡಿಕೊಳ್ಳುವ ಓದುಗರು, ಬೆಳಗಾವಿ